ಉಮ್ಮತ್ತಿ ಬೀಡಿ: ದಮ್ಮು ಇಳಿಯಿತು, ಮೂತ್ರ ಕಟ್ಟಿತು

ಅಪ್ಪನಿಗೆ 71. ದಮ್ಮು ಹಳೆಯದು, ಮೂತ್ರಕೋಶದ ಕೆಳಗಿನ ಪ್ರಾಸ್ಟೇಟ್ ಗ್ರಂಥಿ ಊದಿಕೊಂಡಿದ್ದೂ ಗೊತ್ತಿತ್ತು. ಕಳೆದ ಮಳೆಗಾಲದಲ್ಲಿ ಇನ್‌ಹೇಲರ್ ಮುಗಿದಿತ್ತು. ಪೇಟೆಗೆ ಹೋಗಿ ತರಲು ನನಗೇ ಸೋಮಾರಿತನ. ಅಷ್ಟರಲ್ಲಿ ನೆಂಟರೊಬ್ಬರು ಒಣಗಿಸಿದ ಉಮ್ಮತ್ತಿ ಎಲೆಯ ಕಟ್ಟು ತಂದರು. "ಬೀಡಿ ಸುತ್ತಿ ಸೇದಿ ಭಾವ, ಎದೆ ಬಿಡುತ್ತೆ."

ಬಿಟ್ಟಿದ್ದು ಸುಳ್ಳಲ್ಲ. ಸ್ವಲ್ಪ ಹೊತ್ತಿಗೇ ಸುಯ್‌ಗುಡುವುದು ನಿಂತಿತು. ಎಡವಟ್ಟಾದದ್ದೇ ಅಲ್ಲಿ. ಗುಣ ಕಂಡಿತೆಂದು ರಾತ್ರಿಯೊಳಗೆ ಇನ್ನೂ ಮೂರು ಸೇದಿದರು.

ಮೊದಲು ಬಾಯಿ ಒಣಗಿತು. ಆಮೇಲೆ ಗಡಿಯಾರದ ಮುಳ್ಳು ಕಾಣಿಸುತ್ತಿಲ್ಲ ಎಂದರು. ನಡುರಾತ್ರಿ ಕಂಬಳಿಯಿಂದ ಇಲ್ಲದ ಇರುವೆ ಹೆಕ್ಕತೊಡಗಿದರು. ನಾಲ್ಕು ಸಲ ಬಚ್ಚಲಿಗೆ ಹೋದರೂ ಹನಿ ಬರಲಿಲ್ಲ. ಬೆಳಗಿನ ಹೊತ್ತಿಗೆ ಕಿಬ್ಬೊಟ್ಟೆ ಕಲ್ಲಾಗಿತ್ತು. ಆಸ್ಪತ್ರೆಯಲ್ಲಿ ಕ್ಯಾಥೆಟರ್ (ಮೂತ್ರ ಹೊರತೆಗೆಯುವ ನಳಿಗೆ) ಹಾಕಿದಾಗ ಬಂದದ್ದು ಲೀಟರಿಗೂ ಹೆಚ್ಚು. ಡಾಕ್ಟರು ಅರಳಿದ ಕಣ್ಣುಪಾಪೆಗೆ ಟಾರ್ಚ್ ಬಿಟ್ಟು ನಮ್ಮ ಕಡೆ ತಿರುಗಿದರು: "ಏನು ಕೊಟ್ರಿ?"

"ಶಿವನಿಗೆ ಏರಿಸೋ ಹೂವಿನ ಗಿಡ ಅಲ್ವಾ," ಎಂದು ಅಮ್ಮ ಗೊಣಗಿದಳು.

ಡಾಕ್ಟರು ವಿವರಿಸಿದ್ದು ಇಷ್ಟು. ಉಮ್ಮತ್ತಿಯಲ್ಲಿ ಅಟ್ರೊಪಿನ್, ಸ್ಕೊಪೊಲಮೈನ್ ಎಂಬ ವಿಷಗಳಿವೆ. ಅಸಿಟೈಲ್‌ಕೋಲಿನ್ ತರುವ ನರದ ಅಪ್ಪಣೆ ಸ್ನಾಯುವಿಗೆ ಮುಟ್ಟದಂತೆ ಅವು ತಡೆಯುತ್ತವೆ. ಶ್ವಾಸನಾಳದ ಸ್ನಾಯು ಸಡಿಲವಾದರೆ ಉಸಿರಿಗೆ ದಾರಿ. ಮೂತ್ರಕೋಶದ್ದು ಸಡಿಲವಾದರೆ ಹಿಂಡುವ ಬಲವೇ ಹೋಯಿತು. ಅಪ್ಪನಿಗೋ ಕೆಳಗೆ ಪ್ರಾಸ್ಟೇಟ್ ಮೊದಲೇ ದಾರಿ ಒತ್ತಿಕೊಂಡಿತ್ತು. ಎದೆಗೂ ಪೂರ್ತಿ ಲಾಭವಿಲ್ಲ, ಕಫ ಒಣಗಿ ಅಂಟಾದರೆ ಕೆಮ್ಮಿದರೂ ಬರುವುದಿಲ್ಲ. ಸಾಲದ್ದಕ್ಕೆ ಅಪ್ಪ ಅಂದು ಸಂಜೆ ಶೀತದ ಮಾತ್ರೆಯನ್ನೂ ನುಂಗಿದ್ದರು. ಅದರಲ್ಲಿದ್ದ ಕ್ಲೋರ್‌ಫೆನಿರಮೈನ್ ಕೂಡ ಸ್ವಲ್ಪ ಮಟ್ಟಿಗೆ ಇದೇ ಕೆಲಸ ಮಾಡುತ್ತದಂತೆ.

ನಾಟಿ ಮದ್ದೆಲ್ಲ ಸುಳ್ಳು ಎನ್ನುವವನು ನಾನಲ್ಲ. 19ನೇ ಶತಮಾನದ ಆರಂಭದಲ್ಲಿ ಈ ಹೊಗೆಯ ಚಿಕಿತ್ಸೆ ಮದ್ರಾಸಿನಿಂದಲೇ ಬ್ರಿಟನ್ನಿಗೆ ಹೋಗಿ, ಮುಂದೆ ದಮ್ಮಿನ ಸಿಗರೇಟಾಗಿ ಅಂಗಡಿಯಲ್ಲಿ ಮಾರಾಟವಾಯಿತು. ಇಂದಿನ ಇಪ್ರಟ್ರೋಪಿಯಂ ಇನ್‌ಹೇಲರ್ ಅಟ್ರೊಪಿನ್‌ನದೇ ವಂಶ. ಆದರೆ ಅದು ಮಿದುಳಿಗೆ ಅಷ್ಟಾಗಿ ದಾಟುವುದಿಲ್ಲ, ಒಂದೊಂದು ಒತ್ತಿಗೂ ಮೈಕ್ರೋಗ್ರಾಂ ಲೆಕ್ಕವಿದೆ. ಎಲೆಗೆಲ್ಲಿಯ ಲೆಕ್ಕ? ಒಂದು ಗಿಡದಲ್ಲಿದ್ದಷ್ಟೇ ವಿಷ ಇನ್ನೊಂದರಲ್ಲಿರುವುದಿಲ್ಲ. ಪ್ರಾಸ್ಟೇಟ್ ತೊಂದರೆ, ಗ್ಲಾಕೋಮ (ಕಣ್ಣಿನೊಳಗೆ ಒತ್ತಡ ಏರುವ ರೋಗ) ಇದ್ದವರು ಆ ಇನ್‌ಹೇಲರಿಗೂ ಮುಂಚೆ ಡಾಕ್ಟರಿಗೆ ಹೇಳಲೇಬೇಕು. ಯಾರಾದರೂ ಉಮ್ಮತ್ತಿ ಸೇದಿಯೋ ತಿಂದೋ ಬಡಬಡಿಸುತ್ತಿದ್ದರೆ ಮಜ್ಜಿಗೆ, ನಿಂಬೆಹಣ್ಣು ಎನ್ನುತ್ತ ಕೂರಬೇಡಿ. ಉಳಿದ ಎಲೆಯನ್ನೂ ಹಿಡಿದುಕೊಂಡು ಆಸ್ಪತ್ರೆಗೆ ಓಡಿ.

ಅಪ್ಪ ಐದು ದಿನ ನಳಿಗೆಯೊಂದಿಗೆ ಇದ್ದು ಮನೆಗೆ ಬಂದರು. ಆ ನೆಂಟರು ಅದೇ ಕಟ್ಟಿನಿಂದ ಇನ್ನಿಬ್ಬರಿಗೂ ಎಲೆ ಹಂಚಿದ್ದರಂತೆ. ಒಬ್ಬರ ಮನೆಗೆ ಹೋಗಿ ಹೇಳಿಬಂದೆ. ಇನ್ನೊಬ್ಬರು ಯಾರೆಂದು ಕೊಟ್ಟವರಿಗೇ ನೆನಪಿಲ್ಲ.