ಎರಡು ಮಳೆಗಾಲ ಕಂಡ ಲೋ ಪ್ರೊಫೈಲ್ ಕೀಬೋರ್ಡು

ತೆಗೆದುಕೊಂಡ ವಾರದಲ್ಲೇ ವಿಮರ್ಶೆ ಬರೆಯುವವರು ಬೇಕಾದಷ್ಟು ಜನ ಇದ್ದಾರೆ. ಹೊಸತರಲ್ಲಿ ಎಲ್ಲ ಕೀಬೋರ್ಡೂ ಚೆಂದವೇ. ನನ್ನದು ಲೋ ಪ್ರೊಫೈಲ್, ಅಂದರೆ ಕೀಗಳು ತಗ್ಗಾಗಿರುವ ಜಾತಿ. ಕಾಸರಗೋಡಿನ ಬದಿಯಡ್ಕದ ಈ ಕಡೆ ಎರಡು ಮಳೆಗಾಲ ಕಂಡಿದೆ, ಒಮ್ಮೆ ಕೆಟ್ಟಿದೆ, ಒಮ್ಮೆ ಅದರೊಳಗೆ ಇರುವೆ ಹೊಕ್ಕಿದೆ. ಈಗ ಬರೆಯಬಹುದು ಅನಿಸಿತು.

ನನ್ನ ಕೆಲಸ ಡಿಟಿಪಿ. ಹಗಲಿಡೀ ಟೈಪಿಂಗ್. ಯಕ್ಷಗಾನದ ಕರಪತ್ರ, ಗೃಹಪ್ರವೇಶದ ಕಾಗದ, ಬ್ರಹ್ಮಕಲಶೋತ್ಸವದ ಆಮಂತ್ರಣ, ನಡುವೆ ಯಾರದ್ದಾದರೂ ಪಂಚಾಯತಿಗೆ ಕೊಡುವ ಅರ್ಜಿ. ಕನ್ನಡಕ್ಕೆ ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ, ಅಂದರೆ ನುಡಿ ತಂತ್ರಾಂಶದಲ್ಲಿ ಬರುವುದು. ಮಲಯಾಳಕ್ಕೆ ಇನ್‌ಸ್ಕ್ರಿಪ್ಟ್. ರಾತ್ರಿ ಒಂಬತ್ತರ ಮೇಲೆ ಕೌಂಟರ್ ಸ್ಟ್ರೈಕ್ ಎಂಬ ಗುಂಡು ಹಾರಿಸುವ ಆಟ. ಇಷ್ಟೂ ಒಂದೇ ಕೀಬೋರ್ಡಿನಲ್ಲಿ ಆಗಬೇಕು.

ಮೊದಲು ಇದ್ದದ್ದು ಮಾಮೂಲಿ ಎತ್ತರದ ಮೆಕ್ಯಾನಿಕಲ್, ಅಂದರೆ ಪ್ರತಿ ಕೀಯ ಅಡಿಗೆ ಒಂದೊಂದು ಸ್ವಿಚ್ ಇರುವುದು. ಅದರಲ್ಲೂ ಬ್ಲೂ ಸ್ವಿಚ್. ಒತ್ತಿದ ಪ್ರತಿ ಸಲ ಟಿಕ್ ಎನ್ನುವ ಜಾತಿ. ನಮ್ಮದು ಹೆಂಚಿನ ಮನೆ, ಕೋಣೆಗೆ ಮರದ ಮುಚ್ಚಿಗೆ, ರಾತ್ರಿ ಹನ್ನೊಂದಕ್ಕೆ ಆ ಶಬ್ದ ಮನೆಯಿಡೀ ಕೇಳುತ್ತದೆ. ಒಂದು ದಿನ ಅಮ್ಮ ಎದ್ದು ಬಂದು, "ಎಂತ ಇದು, ರಾತ್ರಿ ಕೂತು ಅಡಿಕೆ ಕತ್ತರಿಸುವುದಾ?" ಎಂದು ಕೇಳಿದರು. ಶಬ್ದವನ್ನಾದರೂ ಸಹಿಸಬಹುದಿತ್ತು. ಮಣಿಕಟ್ಟಿನ ನೋವು ಸಹಿಸಲಿಕ್ಕೆ ಆಗಲಿಲ್ಲ. ಕೀಬೋರ್ಡು ಎತ್ತರ ಇದ್ದರೆ ಅಂಗೈಯನ್ನು ಮೇಲಕ್ಕೆ ಮಡಚಿಯೇ ಟೈಪ್ ಮಾಡಬೇಕಾಗುತ್ತದೆ. ಆಚಾರಿಯ ಹತ್ತಿರ ಹಲಸಿನ ಮರದ ಒಂದು ಹಲಗೆ ಮಾಡಿಸಿ ಕೈಯ ಅಡಿಗೆ ಇಟ್ಟುಕೊಂಡೆ. ಕೂತಲ್ಲಿ ಸರಿ, ಆದರೆ ಅಂಗಡಿಗೂ ಮನೆಗೂ ಬಸ್ಸಿನಲ್ಲಿ ಕೀಬೋರ್ಡಿನ ಜೊತೆ ಹಲಗೆಯನ್ನೂ ಹೊತ್ತುಕೊಂಡು ಹೋಗುವುದು ಯಾರಿಗೆ ಬೇಕು?

ಹಾಗೆ ತಗ್ಗಿನದನ್ನು ಹುಡುಕಲು ಶುರುಮಾಡಿದೆ. ಇಲ್ಲೊಂದು ವಿಷಯ ಹೇಳಬೇಕು. ಚೆರಿ ಕಂಪೆನಿಯ ಮಾಮೂಲಿ ಎಂಎಕ್ಸ್ ಸ್ವಿಚ್ ಒಟ್ಟು 4 ಮಿ.ಮೀ. ಕೆಳಗೆ ಹೋಗುತ್ತದೆ, 2 ಮಿ.ಮೀ.ಗೆ ಅಕ್ಷರ ಬೀಳುತ್ತದೆ. ಅದೇ ಚೆರಿಯ ಲೋ ಪ್ರೊಫೈಲ್ ಸ್ವಿಚ್ಚಿನಲ್ಲಿ ಇದು 3.2 ಮತ್ತು 1.2. ಕೈಲ್ ಕಂಪೆನಿಯ ಚಾಕ್ ಎಂಬ ತಗ್ಗಿನ ಸ್ವಿಚ್ಚಿನಲ್ಲಿ 3 ಮತ್ತು 1.5. ಕಾಗದದಲ್ಲಿ ನೋಡಿದರೆ ಒಂದು ಮಿ.ಮೀ. ವ್ಯತ್ಯಾಸ, ಅದೇನು ಮಹಾ ಅನಿಸುತ್ತದೆ. ಬೆರಳಿಗೆ ಅದು ಬೇರೆಯೇ ಕೀಬೋರ್ಡು. ಲ್ಯಾಪ್‌ಟಾಪಿನಲ್ಲಿ ಟೈಪ್ ಮಾಡಿ ಅಭ್ಯಾಸ ಇದ್ದವರಿಗೆ ಎರಡು ದಿನ ಸಾಕು. ಎತ್ತರದ್ದರಿಂದ ಬಂದ ನನಗೆ ಮೂರು ವಾರ ಬೇಕಾಯಿತು.

ನಮ್ಮಲ್ಲಿ ಅಂಗಡಿಗೆ ಹೋಗಿ ಒತ್ತಿ ನೋಡುವ ಹಾಗಿಲ್ಲ, ಮಂಗಳೂರಿನಲ್ಲೂ ಎಲ್ಲ ಡಬ್ಬಿಯಲ್ಲೇ ಇರುತ್ತದೆ. ಅಲ್ಲಿರುವ ಒಬ್ಬ ಗೆಳೆಯನ ಹತ್ತಿರ ರೆಡ್ ಸ್ವಿಚ್ಚಿನದೊಂದು, ಬ್ರೌನ್ ಸ್ವಿಚ್ಚಿನದೊಂದು ಇತ್ತು. ಅವನ ಮನೆಯಲ್ಲಿ ಕೂತು ಎರಡರಲ್ಲೂ ಒಂದೇ ಆಮಂತ್ರಣ ಪತ್ರಿಕೆ ಟೈಪ್ ಮಾಡಿದೆ. 'ಬ್ರಹ್ಮಕಲಶೋತ್ಸವ' ಅನ್ನುವ ಒಂದು ಪದಕ್ಕೆ ನನ್ನ ವಿನ್ಯಾಸದಲ್ಲಿ ಹದಿನಾಲ್ಕು ಕೀ, ಅದರಲ್ಲಿ ಮೂರು ಸಲ ಎಫ್. ಒತ್ತಕ್ಷರ ಬಂದಲ್ಲೆಲ್ಲ ಎಫ್ ಒತ್ತಲೇಬೇಕು. ರೆಡ್ ಸ್ವಿಚ್ ನುಣುಪಾಗಿ ಇಳಿಯುತ್ತದೆ, ಆದರೆ ಬೆರಳು ಸುಮ್ನೆ ಇಟ್ಟರೂ ಅಕ್ಷರ ಬಿದ್ದುಬಿಡುತ್ತಿತ್ತು. ಬ್ರೌನಿನಲ್ಲಿ ನಡುವೆ ಒಂದು ಸಣ್ಣ ತಡೆ ಸಿಗುತ್ತದೆ, ಬಿತ್ತು ಅಂತ ಬೆರಳಿಗೇ ಗೊತ್ತಾಗುತ್ತದೆ. ಟೈಪಿಂಗ್ ಜಾಸ್ತಿ ಇದ್ದರೆ ಬ್ರೌನ್ ತೆಗೆದುಕೊಳ್ಳಿ ಅನ್ನುವುದು ಇವತ್ತಿಗೂ ನನ್ನ ಮಾತು. ಕೊನೆಗೆ ತೆಗೆದುಕೊಂಡದ್ದು 84 ಕೀಯ, ಸ್ವಿಚ್ ಕಿತ್ತು ಬದಲಿಸಬಹುದಾದ, ವೈರ್‌ಲೆಸ್ ಇರುವ ಒಂದು. ಒಂಬತ್ತು ಸಾವಿರ ಚಿಲ್ಲರೆ. ಕಂಪೆನಿಯ ಹೆಸರು ಬೇಡ, ಮುಂದೆ ಸ್ವಲ್ಪ ಬೈಯಲಿಕ್ಕಿದೆ.

ಮಣಿಕಟ್ಟಿನ ವಿಷಯದಲ್ಲಿ ಕೊಟ್ಟ ಹಣ ವಸೂಲಾಯಿತು. ಹಲಗೆ ಈಗ ಬಿಸಿ ಪಾತ್ರೆ ಇಡಲು ಅಡುಗೆಮನೆ ಸೇರಿದೆ. ಶಬ್ದವೂ ಕಡಿಮೆ. ಅಮ್ಮ ಮತ್ತೆ ಏಳಲಿಲ್ಲ.

ಆಟಕ್ಕೆ ಹೇಗೆ ಅಂತ ಕೇಳಿದರೆ ಉತ್ತರ ಅಷ್ಟು ನೇರ ಇಲ್ಲ. ಬೇಗ ಅಕ್ಷರ ಬೀಳುವುದು ಲಾಭ ಅಂತ ಜಾಹೀರಾತಿನಲ್ಲಿ ಹೇಳುತ್ತಾರೆ. ನಿಜವಾಗಿ ನನಗೆ ಆದದ್ದು ಏನೆಂದರೆ, ಡಬ್ಲ್ಯು ಮೇಲೆ ಬೆರಳು ಇಟ್ಟು ಓಡುವಾಗ ಪಕ್ಕದ ಕ್ಯೂ ತಾಗಿ, ಎದುರಿಗೆ ಶತ್ರು ಬಂದ ಹೊತ್ತಿಗೆ ಕೈಯಲ್ಲಿ ಗನ್ ಬದಲು ಚಾಕು ಬರುತ್ತಿತ್ತು. ಕೀಗಳು ಚಪ್ಪಟೆ, ನಡುವೆ ಕುಳಿ ಕಡಿಮೆ, ಬೆರಳಿಗೆ ಗಡಿ ಸಿಗುವುದಿಲ್ಲ. ಒಂದು ತಿಂಗಳಲ್ಲಿ ಸರಿಯಾಯಿತು, ಆದರೆ ಆ ಒಂದು ತಿಂಗಳು ಅಣ್ಣನ ಮಗನ ಬಾಯಿಗೆ ಬಿದ್ದದ್ದು ನನಗೇ ಗೊತ್ತು. ಬ್ಲೂಟೂತಿನಲ್ಲಿ ಆಡಬೇಡಿ. ಸಾಮಾನ್ಯವಾಗಿ ಅದು ಸೆಕೆಂಡಿಗೆ 125 ಸಲದ ಆಸುಪಾಸು ಸುದ್ದಿ ಕಳಿಸುತ್ತದೆ, ವೈರ್ ಹಾಕಿದರೆ 1000 ಸಲ. ಟೈಪಿಂಗಿಗೆ ಇದು ಗೊತ್ತೂ ಆಗುವುದಿಲ್ಲ. ಆಟವೇ ಮುಖ್ಯ ಅನ್ನುವವರು ಆಯಸ್ಕಾಂತದ ಹಾಲ್ ಎಫೆಕ್ಟ್ ಸ್ವಿಚ್ ನೋಡುವುದು ಒಳ್ಳೆಯದು, ಎಷ್ಟು ಒತ್ತಿದರೆ ಬೀಳಬೇಕು ಅಂತ ನಾವೇ ಹೇಳಬಹುದು. ಆದರೆ ಎಡಕ್ಕೆ, ಬಲಕ್ಕೆ ಹೋಗುವ ಎರಡು ಕೀ ಒಟ್ಟಿಗೆ ಒತ್ತಿದಾಗ ಕೊನೆಗೆ ಒತ್ತಿದ್ದನ್ನೇ ತಾನಾಗಿ ಹಿಡಿಯುವ ಸೌಲಭ್ಯ ನಂಬಿ ಹಣ ಹಾಕಬೇಡಿ, ಕೌಂಟರ್ ಸ್ಟ್ರೈಕ್‌ನವರು 2024ರ ಆಗಸ್ಟಿನಲ್ಲೇ ತಮ್ಮ ಸರ್ವರುಗಳಲ್ಲಿ ಅದನ್ನು ಬೇಡ ಅಂದಿದ್ದಾರೆ. ಅಂದ ಹಾಗೆ, ಕೆಲಸ ಮುಗಿಸಿ ಭಾಷೆ ಬದಲಿಸದೆ ಆಟಕ್ಕೆ ಕೂತರೆ ಕೊನೆಯಲ್ಲಿ ಚಾಟ್‌ನಲ್ಲಿ 'ಜಿಜಿ' (ಗುಡ್ ಗೇಮ್) ಹೊಡೆದಾಗ 'ಗಗ' ಅಂತ ಬೀಳುತ್ತದೆ. ಅದಕ್ಕೆ ಯಾವ ಕೀಬೋರ್ಡೂ ಹೊಣೆಯಲ್ಲ.

ಈಗ ಬೈಗುಳದ ಭಾಗ. ನಮ್ಮೂರಿನ ಮಳೆ ಗೊತ್ತಲ್ವಾ, ಜೂನ್ ಶುರುವಾದರೆ ಬಟ್ಟೆ ಒಣಗುವುದಿಲ್ಲ, ಚಪ್ಪಲಿಗೆ ಬೂಸ್ಟು ಹಿಡಿಯುತ್ತದೆ. ಮೊದಲ ವರ್ಷದ ಆಟಿ ತಿಂಗಳಲ್ಲೇ, ಜೋರು ಮಳೆಯ ಹೊತ್ತಿಗೆ, ಎಫ್ ಕೀ ಕೈಕೊಟ್ಟಿತು. ಪೂರ್ತಿ ಸತ್ತಿದ್ದರೆ ಒಳ್ಳೆಯದಿತ್ತು. ಹತ್ತು ಸಲಕ್ಕೆ ಒಂದು ಸಲ ಬೀಳುತ್ತಿರಲಿಲ್ಲ. ಇಂಗ್ಲಿಷಿನಲ್ಲಾದರೆ ಒಂದು ಎಫ್ ಹೋಯಿತು ಅಷ್ಟೇ. ಕನ್ನಡದಲ್ಲಿ ಒತ್ತಕ್ಷರವೇ ಬಿಚ್ಚಿಹೋಗುತ್ತದೆ. ಅಕ್ಕ ಹೋಗಿ ಅಕಕ, ಭಟ್ಟರು ಹೋಗಿ ಭಟಟರು. ಒಂದು ದೇವಸ್ಥಾನದ ಆಮಂತ್ರಣದ ಪ್ರೂಫಿನಲ್ಲಿ ತಲೆಬರಹವೇ 'ಬ್ರಹಮಕಲಶೋತಸವ' ಅಂತ ಹೋಗಿತ್ತು. ಸಮಿತಿಯವರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿ ಓದಿದರು. ನಾನು ನೆಲ ನೋಡುತ್ತಾ ನಿಂತಿದ್ದೆ.

ಕಾರಣ ಸರಳ. ಸ್ವಿಚ್ಚಿನ ಒಳಗೆ ಲೋಹದ ಸಪೂರ ಎಲೆ ಇರುತ್ತದೆ, ಅದು ತಾಗಿದರೆ ಮಾತ್ರ ಅಕ್ಷರ. ಅಲ್ಲಿಗೆ ತೇವವೋ ಧೂಳೋ ಹೊಕ್ಕರೆ ತಾಗಿದರೂ ತಾಗದ ಹಾಗೆ. ಐಸೊಪ್ರೊಪೈಲ್ ಆಲ್ಕೋಹಾಲಿನ ಎರಡು ಹನಿ ಬಿಟ್ಟು ನೂರು ಸಲ ಒತ್ತಿದೆ. ಎರಡು ವಾರ ಸರಿ ಇತ್ತು, ಆಮೇಲೆ ಮತ್ತೆ ಅದೇ ಕತೆ. ವಾರಂಟಿ ಇತ್ತು. ಫೋನ್ ಮಾಡಿದರೆ ಇಡೀ ಕೀಬೋರ್ಡು ಪ್ಯಾಕ್ ಮಾಡಿ ಕಳಿಸಿ, ಇಪ್ಪತ್ತು ದಿನ ಆಗಬಹುದು ಅಂದರು. ಇಪ್ಪತ್ತು ರೂಪಾಯಿಯ ಒಂದು ಸ್ವಿಚ್ಚಿಗೆ ಇಪ್ಪತ್ತು ದಿನ ಅಂಗಡಿ ಮುಚ್ಚಬೇಕಾ ಮಾರಾಯ್ರೇ? ಒಂದು ಸ್ವಿಚ್ ಕವರಿನಲ್ಲಿ ಹಾಕಿ ಕಳಿಸಿ, ನಾನೇ ಹಾಕಿಕೊಳ್ಳುತ್ತೇನೆ ಅಂದರೆ ಅವರ ಕಂಪ್ಯೂಟರಿನಲ್ಲಿ ಅದಕ್ಕೆ ಜಾಗ ಇಲ್ಲವಂತೆ.

ಹೊರಗೆ ತೆಗೆದುಕೊಳ್ಳೋಣ ಅಂದರೆ ಇನ್ನೊಂದು ತೊಂದರೆ. ಎತ್ತರದ ಸ್ವಿಚ್ಚುಗಳಾದರೆ ಒಂದು ಕಂಪೆನಿಯದ್ದು ಇನ್ನೊಂದಕ್ಕೆ ಹೆಚ್ಚಾಗಿ ಕೂರುತ್ತದೆ. ತಗ್ಗಿನದರಲ್ಲಿ ಹಾಗಿಲ್ಲ. ಚಾಕ್‌ನ ಕಾಲು ಬೇರೆ, ಗೇಟೆರಾನ್ ಕಂಪೆನಿಯ ಲೋ ಪ್ರೊಫೈಲಿನ ಕಾಲು ಬೇರೆ, ಚೆರಿಯದ್ದು ಮತ್ತೆ ಬೇರೆ. ಮೇಲೆ ಕೂರುವ ಕೀಯ ಟೋಪಿಯೂ ಅಷ್ಟೇ, ಮೊದಲ ಚಾಕ್‌ಗೆ ಎರಡು ಸಪೂರ ಕಾಲಿನದ್ದೇ ಬೇಕು, ಉಳಿದವಕ್ಕೆ ಕೂಡಿಸುವ ಚಿಹ್ನೆಯ ಆಕಾರ. ಆದ್ದರಿಂದ ಕರಾವಳಿಯಲ್ಲಿ ಇರುವವರು ಬಣ್ಣದ ಲೈಟು, ತಿರುಗಿಸುವ ಗುಬುಟು ಎಲ್ಲ ಆಮೇಲೆ ನೋಡಿ. ಸ್ವಿಚ್ ಕಿತ್ತು ಬದಲಿಸಲು ಬರುತ್ತದಾ ಅಂತ ಮೊದಲು ನೋಡಿ. ಬೆಸುಗೆ ಹಾಕಿದ್ದಾದರೆ ಎಷ್ಟೇ ಕಡಿಮೆಗೆ ಸಿಕ್ಕರೂ ಬಿಡಿ. ಕೀಬೋರ್ಡಿನ ಜೊತೆಗೇ ಅದೇ ಸ್ವಿಚ್ಚು ಒಂದು ಹತ್ತು ತರಿಸಿಟ್ಟುಕೊಳ್ಳಿ.

ಇರುವೆಯ ವಿಷಯ ಜಾಸ್ತಿ ಏನಿಲ್ಲ. ತಪ್ಪು ನನ್ನದೇ, ಹಲಸಿನ ಹಪ್ಪಳ ತಿನ್ನುತ್ತಾ ಟೈಪ್ ಮಾಡಿದ್ದೆ. ಕೀಗಳನ್ನು ತೆಗೆದು, ಬ್ರಶ್ಶಿನಲ್ಲಿ ಗುಡಿಸಿ, ಬಿಸಿಲಿಗಲ್ಲ, ಫ್ಯಾನಿನ ಅಡಿ ಇಟ್ಟೆ. ಈಗ ಮಳೆಗಾಲದಲ್ಲಿ ರಾತ್ರಿ ಅದನ್ನು ಸಿಲಿಕಾ ಪೊಟ್ಟಣದ ಜೊತೆ ಡಬ್ಬಿಗೆ ಹಾಕಿಡುತ್ತೇನೆ. ಎರಡನೇ ಮಳೆಗಾಲ ಹಾಗೆಯೇ ದಾಟಿತು.

ಬ್ಯಾಟರಿ, ಲೈಟು ಆರಿಸಿಟ್ಟರೆ ಮೂರು ವಾರ. ಲೈಟು ಉರಿಸಿದರೆ ಮೂರು ದಿನ. ಬ್ಲೂಟೂತಿನಲ್ಲಿ ಒಂದು ಕಿರಿಕಿರಿ ಇದೆ, ಹತ್ತು ನಿಮಿಷ ಮುಟ್ಟದಿದ್ದರೆ ನಿದ್ದೆ ಹೋಗುತ್ತದೆ, ಎದ್ದಾಗ ಮೊದಲ ಅಕ್ಷರ ನುಂಗುತ್ತದೆ. ಕರೆಂಟು ಹೋದಾಗ ಮಾತ್ರ ಇದೇ ಬ್ಲೂಟೂತು ದೇವರು, ಫೋನಿಗೆ ಸೇರಿಸಿ ಇಡೀ ಕರಪತ್ರ ಬರೆದಿದ್ದೇನೆ.

ಎಫ್ ಏನಾಯಿತು ಅಂತ ಹೇಳಲಿಲ್ಲ ಅಲ್ವಾ. ಮಂಗಳೂರಿನ ಗೆಳೆಯನ ರೆಡ್ ಸ್ವಿಚ್ ಅದೃಷ್ಟಕ್ಕೆ ಇದಕ್ಕೂ ಕೂರುವ ಜಾತಿಯದ್ದಾಗಿತ್ತು, ಅವನೇ ಒಂದು ಕಿತ್ತು ಕೊಟ್ಟ. ಹಾಗಾಗಿ 83 ಬ್ರೌನ್, ಒಂದು ರೆಡ್. ಎಲ್ಲ ಅಕ್ಷರಕ್ಕೂ ಬೆರಳಿಗೆ ತಡೆ ಸಿಗುತ್ತದೆ, ಒತ್ತಕ್ಷರ ಬಂದಲ್ಲಿ ಮಾತ್ರ ಜಾರಿ ಇಳಿಯುತ್ತದೆ. ಆಮೇಲೆ ಬ್ರೌನ್ ಸ್ವಿಚ್ಚುಗಳ ಪೊಟ್ಟಣವೂ ಬಂತು. ಡ್ರಾಯರಿನಲ್ಲೇ ಇದೆ, ಇನ್ನೂ ಬದಲಿಸಿಲ್ಲ.