ಬಿಸಿನೆಸ್ ಲಾ: ಬಾಯಿಪಾಠವೋ, ಪ್ರಶ್ನೆ ಬಿಡಿಸುವುದೋ?

ಅಕೌಂಟಿಂಗ್ ಪರೀಕ್ಷೆಗೆ ಬಿಸಿನೆಸ್ ಲಾ ಓದುವವರು ಸಾಮಾನ್ಯವಾಗಿ ಎರಡರಲ್ಲಿ ಒಂದು ದಾರಿ ಹಿಡಿಯುತ್ತಾರೆ. ಚೀಟಿಯಲ್ಲಿ ಬರೆದುಕೊಂಡು ಬಾಯಿಪಾಠ ಮಾಡುವುದು ಒಂದು, ಸನ್ನಿವೇಶದ ಪ್ರಶ್ನೆಗಳನ್ನು ಬಿಡಿಸುತ್ತಾ ಕಲಿಯುವುದು ಇನ್ನೊಂದು.

ಚೀಟಿಯಿಂದ ಕೆಲಸ ಬೇಗ ಆಗುತ್ತದೆ. ವ್ಯಾಖ್ಯೆ, ಪಟ್ಟಿ, ಅವಧಿಗಳಿಗೆ ಇದೇ ಸರಿ. ಆದರೆ ವಾಯ್ಡ್ (ಕಾನೂನಿನಲ್ಲಿ ಜಾರಿಯಾಗದ) ಮತ್ತು ವಾಯ್ಡಬಲ್ (ಒಂದು ಕಡೆಯವರು ಬೇಕಾದರೆ ರದ್ದುಮಾಡಬಹುದಾದ) ಒಪ್ಪಂದಗಳ ವ್ಯಾಖ್ಯೆ ಗಿಳಿಪಾಠದಂತೆ ಒಪ್ಪಿಸುವವರೂ, ‘ಮೋಸದಿಂದ ಸಹಿ ಹಾಕಿಸಿಕೊಂಡರೆ ಏನಾಗುತ್ತದೆ?’ ಎಂದು ಕೇಳಿದರೆ ತಡವರಿಸುತ್ತಾರೆ. ಅದು ವಾಯ್ಡಬಲ್. ಮೋಸಹೋದವರು ರದ್ದುಮಾಡುವವರೆಗೆ ಒಪ್ಪಂದ ಜೀವಂತವಾಗಿಯೇ ಇರುತ್ತದೆ.

ಪ್ರಶ್ನೆ ಬಿಡಿಸುವುದಕ್ಕೆ ಸಮಯ ಜಾಸ್ತಿ ಬೇಕು, ನಿಜ. ಆದರೆ ಕಲಿತದ್ದು ಬೇಗ ಮರೆಯುವುದಿಲ್ಲ. ಬೂಟ್ಸ್ ಎಂಬ ಔಷಧಿ ಅಂಗಡಿಯ ಮೇಲಿನ ಇಂಗ್ಲೆಂಡಿನ 1953ರ ಮೊಕದ್ದಮೆಯನ್ನೇ ನೋಡಿ. ಅದರ ತೀರ್ಪಿನ ಪ್ರಕಾರ ಅಂಗಡಿಯ ಶೆಲ್ಫಿನಲ್ಲಿ ಬೆಲೆ ಹಚ್ಚಿ ಇಟ್ಟ ವಸ್ತು ಆಫರ್ (ಒಪ್ಪಂದದ ಪ್ರಸ್ತಾಪ) ಅಲ್ಲ. ಗಿರಾಕಿ ಅದನ್ನು ಕೌಂಟರಿಗೆ ತಂದಾಗ ಅವನೇ ಆಫರ್ ಕೊಡುತ್ತಾನೆ, ಕ್ಯಾಷಿಯರ್ ಒಪ್ಪಿಕೊಳ್ಳುತ್ತಾನೆ. ಇದನ್ನು ಒಮ್ಮೆ ನಿಮ್ಮ ಮಾತಿನಲ್ಲೇ ಬರೆದು ನೋಡಿ, ಆಫರ್ ಮತ್ತು ಅಕ್ಸೆಪ್ಟೆನ್ಸ್ (ಅದಕ್ಕೆ ಒಪ್ಪಿಗೆ) ಎರಡೂ ಒಟ್ಟಿಗೇ ತಲೆಗೆ ಹತ್ತುತ್ತವೆ.

ನನ್ನ ಮಟ್ಟಿಗೆ ಪ್ರಶ್ನೆ ಬಿಡಿಸುವುದೇ ಮೇಲು. ಬರೀ ಬಹು ಆಯ್ಕೆಯ ಪ್ರಶ್ನೆಗಳಿದ್ದು, ಪರೀಕ್ಷೆಯೂ ಹತ್ತಿರ ಬಂದಿದ್ದರೆ ಚೀಟಿ ಹಿಡಿಯಿರಿ. ಆಗಲೂ ಹಿಂಬದಿಯಲ್ಲಿ ವ್ಯಾಖ್ಯೆಯ ಜೊತೆಗೆ ಒಂದು ಉದಾಹರಣೆ ಬರೆಯಿರಿ. ಸುಮ್ನೆ ಓದಬೇಡಿ, ಉತ್ತರ ಮುಚ್ಚಿಟ್ಟು ನೆನಪಿಸಿಕೊಳ್ಳಿ. ತಪ್ಪಿದ ಚೀಟಿಗಳನ್ನು ಬೇರೆ ಇಟ್ಟು ಮಾರನೇ ದಿನ ಅವುಗಳಿಂದಲೇ ಶುರುಮಾಡಿ.