ಹಳೆ ಮ್ಯಾಸಿ 35, ಹಳೆ ಬಿ-275: ಬ್ರೇಕು, ಸ್ಟೇರಿಂಗು ಅಕ್ಕಪಕ್ಕ ಇಟ್ಟು ನೋಡಿದಾಗ

ಹಳೆ ಟ್ರ್ಯಾಕ್ಟರ್ ಇಟ್ಟುಕೊಳ್ಳುವವರಿಗೆ ಎದುರಾಗುವ ಆಯ್ಕೆಗಳಲ್ಲಿ ಈ ಎರಡು ವಂಶ ಮೇಲಿಂದ ಮೇಲೆ ಬರುತ್ತವೆ. ಒಂದು, 1956ರಲ್ಲಿ ಇಂಗ್ಲೆಂಡಿನ ಕೊವೆಂಟ್ರಿಯಲ್ಲಿ ಫರ್ಗ್ಯುಸನ್ 35 ಆಗಿ ಶುರುವಾಗಿ, ಆಮೇಲೆ ಮ್ಯಾಸಿ ಫರ್ಗ್ಯುಸನ್ ಹೆಸರಲ್ಲಿ ಚೆನ್ನೈನ ಟ್ಯಾಫೆ ಕಂಪನಿಯಿಂದ ನಮ್ಮ ಹೊಲಗಳಿಗೆ ಬಂದದ್ದು. ಇನ್ನೊಂದು, ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಕಂಪನಿಯ ಬಿ-275. 1963ರಲ್ಲಿ ಮಹೀಂದ್ರ ಅದೇ ಕಂಪನಿಯ ಜೊತೆ ಕೈಜೋಡಿಸಿದ ಮೇಲೆ ಇದು ಇಲ್ಲಿಯೇ ತಯಾರಾಯಿತು. ಎಂಜಿನ್ ಬಗ್ಗೆ ವಾದ ಮಾಡುವವರು ಬಹಳ ಮಂದಿ ಇದ್ದಾರೆ. ನಾವಿಲ್ಲಿ ಹೋಲಿಸುತ್ತಿರುವುದು ಜೀವ ಉಳಿಸುವ ಎರಡು ಭಾಗಗಳನ್ನು ಮಾತ್ರ.

ಬ್ರೇಕು

ಮ್ಯಾಸಿಯದ್ದು ಡ್ರಮ್ ಬ್ರೇಕು. 14 ಇಂಚು ವ್ಯಾಸದ ಡ್ರಮ್, ಅದರ ಒಳಗೋಡೆಗೆ ಒತ್ತಿ ಹಿಡಿಯುವ 2 ಇಂಚು ಅಗಲದ ಶೂ. ಇಷ್ಟು ದೊಡ್ಡ ಡ್ರಮ್ ಯಾಕೆಂದರೆ, ಈ ಗಾಡಿಯಲ್ಲಿ ಹಾಫ್ ಶಾಫ್ಟ್ (ಚಕ್ರ ತಿರುಗಿಸುವ ದಂಡ) ನೇರವಾಗಿ ಚಕ್ರಕ್ಕೆ ಹೋಗುತ್ತದೆ. ಚಕ್ರ ಒಂದು ಸುತ್ತು ತಿರುಗಿದರೆ ಡ್ರಮ್ಮೂ ಒಂದೇ ಸುತ್ತು. ಚಕ್ರದ ಪೂರ್ತಿ ಬಲವನ್ನು ಶೂಗಳೇ ಹಿಡಿದು ನಿಲ್ಲಿಸಬೇಕು.

ಬಿ-275ರಲ್ಲಿ ಲೆಕ್ಕ ಬೇರೆ. ಅದರ ಡ್ರೈ ಡಿಸ್ಕುಗಳು ಕೂರುವುದು ಬುಲ್ ಪಿನಿಯನ್ (ಚಕ್ರದ ದೊಡ್ಡ ಗೇರನ್ನು ತಿರುಗಿಸುವ ಚಿಕ್ಕ ಗೇರು) ಶಾಫ್ಟಿನ ಮೇಲೆ, ಅಂದರೆ ಕೊನೆಯ ಗೇರ್ ಇಳಿತಕ್ಕಿಂತ ಮೊದಲೇ. ಶಾಫ್ಟ್ ಜೋರಾಗಿ ತಿರುಗುತ್ತದೆ, ಬಲ ಕಡಿಮೆ ಇರುತ್ತದೆ, ಹಾಗಾಗಿ ಚಿಕ್ಕ ಡಿಸ್ಕು ಸಾಕು. ಎರಡು ಡಿಸ್ಕುಗಳ ನಡುವೆ ಜೋಡಿ ಪ್ಲೇಟು, ಆ ಪ್ಲೇಟುಗಳ ನಡುವೆ ಇಳಿಜಾರು ಗುಳಿಗಳಲ್ಲಿ ಉಕ್ಕಿನ ಗುಂಡುಗಳು. ಪೆಡಲ್ ಒತ್ತಿದಾಗ ಪ್ಲೇಟುಗಳು ಒಂದಕ್ಕೊಂದು ವಿರುದ್ಧವಾಗಿ ಸ್ವಲ್ಪ ತಿರುಗುತ್ತವೆ, ಗುಂಡು ಇಳಿಜಾರು ಹತ್ತುತ್ತದೆ, ಪ್ಲೇಟು ಅಗಲವಾಗಿ ಡಿಸ್ಕನ್ನು ಅಮುಕುತ್ತದೆ. ತಿರುಗುತ್ತಿರುವ ಡಿಸ್ಕು ಪ್ಲೇಟನ್ನು ತನ್ನ ಜೊತೆ ಎಳೆದುಕೊಳ್ಳುವುದರಿಂದ ಹಿಡಿತ ತಾನಾಗಿಯೇ ಬಿಗಿಯುತ್ತದೆ. ಹೀಗಾಗಿ ಒಳ್ಳೆಯ ಸ್ಥಿತಿಯಲ್ಲಿರುವ ಎರಡನ್ನೂ ಓಡಿಸಿ ನೋಡಿದರೆ ಬಿ-275 ಹಗುರ ಕಾಲಿಗೇ ನಿಲ್ಲುತ್ತದೆ, ಮ್ಯಾಸಿಗೆ ಕಾಲು ಊರಬೇಕು.

ಆದರೆ ಕೆಡುವ ರೀತಿಯಲ್ಲಿ ಡ್ರಮ್ಮೇ ಮೇಲು. ಶೂ ಸವೆಯುತ್ತಾ ಬಂದರೆ ಪೆಡಲ್ ದಿನದಿನಕ್ಕೂ ಕೆಳಗೆ ಇಳಿಯುತ್ತದೆ, ಕಿರುಗುಡುತ್ತದೆ, ಎಚ್ಚರಿಕೆ ಕೊಟ್ಟೇ ಕೊಡುತ್ತದೆ. ಡಿಸ್ಕು ಹಾಗಲ್ಲ. ಗುಂಡು ಕೂರುವ ಗುಳಿಯಲ್ಲಿ ತುಕ್ಕು ಹಿಡಿದರೆ ಗುಂಡು ಹತ್ತಿದ ಮೇಲೆ ಇಳಿಯುವುದಿಲ್ಲ. ಒಂದು ಕಡೆಯ ಬ್ರೇಕು ಹಿಡಿದುಕೊಂಡೇ ಉಳಿದು, ಗಾಡಿ ಥಟ್ಟನೆ ಅತ್ತ ತಿರುಗುತ್ತದೆ. ಮಳೆಗಾಲವಿಡೀ ಶೆಡ್ಡಿನಲ್ಲಿ ನಿಂತು ಆಮೇಲೆ ಹೊರಗೆ ಬಂದ ಗಾಡಿಯಲ್ಲಿ ಇದು ಸಾಮಾನ್ಯ. ಬಿಚ್ಚಿದಾಗ ಗುಳಿಯ ಮೇಲೆ ಉಗುರು ಆಡಿಸಿ ನೋಡಿ. ಉಗುರಿಗೆ ತಡೆದರೆ ಪ್ಲೇಟು ಬದಲಿಸಿ, ಎಮೆರಿಯಲ್ಲಿ ಉಜ್ಜಿ ಮತ್ತೆ ಹಾಕಬೇಡಿ. ಗುಳಿಯ ಆಕಾರ ಕೆಟ್ಟರೆ ಒಂದು ಗುಂಡು ಮೊದಲು ಹತ್ತಿ ಪ್ಲೇಟು ಓರೆಯಾಗುತ್ತದೆ.

ಎರಡರಲ್ಲೂ ನಿಜವಾದ ಶತ್ರು ಆಯಿಲ್. ಮ್ಯಾಸಿಯಲ್ಲಿ ಗೇರು, ಹಿಂದಿನ ಆಕ್ಸಲ್, ಹೈಡ್ರಾಲಿಕ್ ಎಲ್ಲಕ್ಕೂ ಒಂದೇ ಎಣ್ಣೆ. ಲಿಫ್ಟ್ ಏಳುತ್ತಿಲ್ಲವೆಂದು ಎಣ್ಣೆ ಸುರಿಯುತ್ತಾ ಹೋದರೆ ಮಟ್ಟ ಏರಿ ಆಕ್ಸಲ್ ಸೀಲಿನಿಂದ ಡ್ರಮ್ಮಿಗೆ ಇಳಿಯುತ್ತದೆ. ಗಾಳಿ ಆಡುವ ಬ್ರೀದರ್ ಕೆಸರು ಕಟ್ಟಿಕೊಂಡರೂ ಇದೇ ಗತಿ, ಏಕೆಂದರೆ ಬಿಸಿಯಾದ ಒಳಗಿನ ಒತ್ತಡ ಸೀಲನ್ನೇ ದಾರಿ ಮಾಡಿಕೊಳ್ಳುತ್ತದೆ. ಸೀಲು ಬದಲಿಸುವ ಮೊದಲು ಡಿಪ್‌ಸ್ಟಿಕ್ ನೋಡಿ, ಬ್ರೀದರ್ ಸ್ವಚ್ಛಮಾಡಿ. ಇಲ್ಲವಾದರೆ ಹೊಸ ಸೀಲೂ ಬೇಗ ಸೋರುತ್ತದೆ. ಬಿ-275ರಲ್ಲಿ ಬುಲ್ ಪಿನಿಯನ್ ಶಾಫ್ಟಿನ ಸೀಲು ಸೋರಿದರೆ ಡಿಸ್ಕಿನ ಲೈನಿಂಗ್ (ಉಜ್ಜಿ ಹಿಡಿಯುವ ಪದರ) ನೆನೆಯುತ್ತದೆ.

ಎಣ್ಣೆ ಕುಡಿದ ಲೈನಿಂಗನ್ನು ಪೆಟ್ರೋಲಿನಲ್ಲಿ ತೊಳೆದು, ಬೆಂಕಿಯಲ್ಲಿ ಸುಟ್ಟು ಮತ್ತೆ ಹಾಕುವ ಪದ್ಧತಿ ಬಹಳ ಕಡೆ ಇದೆ. ಮೊದಲ ದಿನ ಚೆನ್ನಾಗಿ ಹಿಡಿಯುತ್ತದೆ. ಲೋಡು ಹಾಕಿ ಇಳಿಜಾರಿನಲ್ಲಿ ಬಿಸಿಯಾದ ತಕ್ಷಣ ಒಳಗೆ ಉಳಿದ ಎಣ್ಣೆ ಮೇಲೆ ಬಂದು, ಬೇಕಾದ ಗಳಿಗೆಯಲ್ಲೇ ಕೈಕೊಡುತ್ತದೆ. ಲೈನಿಂಗ್ ಎಸೆಯಲೇಬೇಕು, ಅದೂ ಎರಡೂ ಕಡೆಯದ್ದು. ಒಂದು ಕಡೆ ಮಾತ್ರ ಹೊಸದು ಹಾಕಿದರೆ ಗಾಡಿ ಎಳೆಯುವುದು ತಪ್ಪುವುದಿಲ್ಲ. ಹಳೆ ಲೈನಿಂಗಿನ ಧೂಳಿನಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರಬಹುದು. ಏರ್ ಗನ್ನಿನಲ್ಲಿ ಊದದೆ ಒದ್ದೆ ಬಟ್ಟೆಯಲ್ಲಿ ಒರೆಸಿ, ಬಟ್ಟೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಬಿಸಾಡಿ.

ಬಿಚ್ಚುವ ಕೆಲಸದಲ್ಲಿ ಬಿ-275 ಸುಲಭ. ಬ್ರೇಕಿನ ಮನೆ ಬದಿಯಲ್ಲೇ ಇದೆ, ಚಕ್ರ ಅಗಲ ಟ್ರ್ಯಾಕಿನಲ್ಲಿದ್ದರೆ ಕೈ ಆಡಲು ಜಾಗ ಸಿಗುತ್ತದೆ. ಮ್ಯಾಸಿಗೆ ಹಿಂದಿನ ಚಕ್ರ ತೆಗೆದು, ಅಡ್ಜಸ್ಟರ್ ಸಡಿಲಿಸಿ, ಆಮೇಲೆ ಡ್ರಮ್ ಎಳೆಯಬೇಕು. ಸಡಿಲಿಸದೆ ಸುತ್ತಿಗೆ ಏಟು ಕೊಟ್ಟರೆ ಡ್ರಮ್ಮಿನ ಅಂಚಿನ ಏಣು ಶೂಗೆ ಸಿಕ್ಕಿ ಡ್ರಮ್ ಬಿರುಕು ಬಿಡುತ್ತದೆ.

ಎರಡೂ ಕಡೆ ಹಿಡಿತ ಸಮ ಇದೆಯೇ ಎಂದು ತಿಳಿಯಲು ರಸ್ತೆಯಲ್ಲಿ ಜೋರಾಗಿ ಒತ್ತಿ ನೋಡುವುದಕ್ಕಿಂತ ಈ ದಾರಿ ನಮಗೆ ಹಿಡಿಸಿದೆ. ಸಮನೆಲದಲ್ಲಿ ಗಾಡಿ ನಿಲ್ಲಿಸಿ, ಮುಂದಿನ ಚಕ್ರಗಳಿಗೆ ಎರಡೂ ಕಡೆ ಕಲ್ಲು ಕೊಟ್ಟು, ಒಂದು ಹಿಂದಿನ ಚಕ್ರವನ್ನು ಜಾಕಿನಲ್ಲಿ ಎತ್ತಿ, ಆಕ್ಸಲ್ ಕೆಳಗೆ ಗಟ್ಟಿ ಮರದ ದಿಮ್ಮಿ ಇಡಿ. ಗೇರ್ ನ್ಯೂಟ್ರಲ್. ಎಡ, ಬಲ ಚಕ್ರಕ್ಕೆ ಬೇರೆ ಬೇರೆ ಬ್ರೇಕು ಪೆಡಲ್ ಇರುತ್ತದೆ, ಆ ಕಡೆಯ ಪೆಡಲಿಗೆ 10 ಕೆಜಿ ತೂಕ ನೇತುಹಾಕಿ. ಟೈರಿನ ಹಲ್ಲಿಗೆ ಹಗ್ಗ ಕಟ್ಟಿ, ಕೊಕ್ಕೆ ತಕ್ಕಡಿ ಸಿಕ್ಕಿಸಿ, ಗಾಡಿ ಮುಂದೆ ಹೋಗುವ ದಿಕ್ಕಿಗೆ ಚಕ್ರ ತಿರುಗುವಂತೆ ನಿಧಾನವಾಗಿ ಎಳೆಯಿರಿ. ಚಕ್ರ ಜಾರಲು ಶುರುವಾದಾಗ ತಕ್ಕಡಿ ಎಷ್ಟು ತೋರಿಸಿತು ಎಂದು ಬರೆದುಕೊಳ್ಳಿ. ಮಣಿಯದಿದ್ದರೆ ತೂಕವನ್ನು 5 ಕೆಜಿಗೆ ಇಳಿಸಿ, ಎರಡೂ ಕಡೆ ಅದೇ ತೂಕ ಇರಲಿ. ಎಡ ಬಲಕ್ಕೆ ಐದರಲ್ಲಿ ಒಂದು ಪಾಲಿಗಿಂತ ಹೆಚ್ಚು ಅಂತರ ಬಂದರೆ ಟ್ರೇಲರ್ ಕಟ್ಟಬೇಡಿ. ಮೊದಲು ಅಡ್ಜಸ್ಟ್ ಮಾಡಿ: ಮ್ಯಾಸಿಯಲ್ಲಿ ಬ್ಯಾಕ್ ಪ್ಲೇಟಿನ ಕಿಂಡಿಯಿಂದ ಅಡ್ಜಸ್ಟರನ್ನು ಚಕ್ರ ಬಿಗಿಯುವವರೆಗೆ ತಿರುಗಿಸಿ, ಉಜ್ಜದೆ ತಿರುಗುವಷ್ಟು ಹಿಂದಕ್ಕೆ ಬಿಡಿ. ಬಿ-275ರಲ್ಲಿ ಇದೇ ಕೆಲಸವನ್ನು ಎಳೆಯುವ ರಾಡಿನ ನಟ್ಟಿನಲ್ಲಿ ಮಾಡಬೇಕು. ಇಷ್ಟಾದ ಮೇಲೂ ಅಂತರ ಉಳಿದರೆ ಒಳಗೆ ಎಣ್ಣೆಯೋ ತುಕ್ಕೋ ಇದೆ ಎಂದೇ ತಿಳಿಯಿರಿ.

ಕೆಸರುಗದ್ದೆಯಲ್ಲಿ ಎರಡೂ ಸೋಲುತ್ತವೆ. ನೀರು ಹೊಕ್ಕರೆ ಮೊದಲು ಹಿಡಿಯುವುದಿಲ್ಲ, ಒಣಗುವಾಗ ಕಚ್ಚಿ ಹಿಡಿಯುತ್ತದೆ. ಗದ್ದೆಯಿಂದ ರಸ್ತೆಗೆ ಹತ್ತುವ ಮೊದಲು ಕಡಿಮೆ ಗೇರಿನಲ್ಲಿ ಪೆಡಲ್ ಹಗುರಾಗಿ ಒತ್ತಿಕೊಂಡು ಸ್ವಲ್ಪ ದೂರ ಓಡಿಸಿ ಒಣಗಿಸಿ.

ಸ್ಟೇರಿಂಗು

ಇಲ್ಲಿ ಮ್ಯಾಸಿ ಸ್ಪಷ್ಟವಾಗಿ ಮುಂದೆ. ಅದರ ಸ್ಟೇರಿಂಗ್ ಬಾಕ್ಸಿನಿಂದ ಎಡಕ್ಕೊಂದು ಬಲಕ್ಕೊಂದು ಡ್ರಾಪ್ ಆರ್ಮ್ (ಕೆಳಗಿಳಿದ ತೋಳು) ಇಳಿಯುತ್ತದೆ, ಪ್ರತಿ ಮುಂದಿನ ಚಕ್ರಕ್ಕೂ ಆ ತೋಳಿನಿಂದ ಸ್ವಂತ ಡ್ರ್ಯಾಗ್ ಲಿಂಕ್ (ಎಳೆಯುವ ಸಲಾಕೆ). ಎರಡು ಚಕ್ರಗಳನ್ನು ಕೂಡಿಸುವ ಟೈ ರಾಡ್ ನಡುವೆ ಇಲ್ಲ. ಒಂದು ಬಾಲ್ ಜಾಯಿಂಟ್ ಕಳಚಿದರೂ ಇನ್ನೊಂದು ಚಕ್ರ ಕೈ ಮಾತು ಕೇಳುತ್ತದೆ. ಕಳಚಿದ ಚಕ್ರ ಅಡ್ಡ ತಿರುಗಿ ಎಳೆಯುವುದು ನಿಜ, ಆದರೂ ನಿಲ್ಲಿಸಲು ಅವಕಾಶ ಇರುತ್ತದೆ. ಒಂಟಿ ಡ್ರಾಪ್ ಆರ್ಮ್, ಒಂದೇ ಡ್ರ್ಯಾಗ್ ಲಿಂಕ್ ಇರುವ ಗಾಡಿಗಳಲ್ಲಿ ಆ ಲಿಂಕ್ ಹೋದರೆ ಎರಡೂ ಚಕ್ರ ಕೈ ತಪ್ಪುತ್ತವೆ.

ಮ್ಯಾಸಿಯ ತೊಂದರೆಯೂ ಇದರಲ್ಲೇ ಇದೆ. ಸವೆಯುವ ಜಾಗ ದುಪ್ಪಟ್ಟು. ಬಾಕ್ಸ್ ಬಿಚ್ಚಿದವರು ಒಳಗಿನ ಎರಡು ಗೇರು ತುಂಡುಗಳನ್ನು, ಅಂದರೆ ಸೆಕ್ಟರ್‌ಗಳನ್ನು ಒಂದು ಹಲ್ಲು ಆಚೀಚೆ ಕೂರಿಸಿಬಿಟ್ಟರೆ, ನೇರ ಹೋಗುವಾಗ ಲಿಂಕ್ ಉದ್ದ ಬದಲಿಸಿ ಸರಿದೂಗಿಸಬಹುದು, ತಿರುವಿನಲ್ಲಿ ಮಾತ್ರ ಎರಡು ಚಕ್ರಗಳು ಎರಡು ದಾರಿ ಹಿಡಿಯುತ್ತವೆ. ಬಿಚ್ಚುವ ಮೊದಲೇ ಗುರುತು ಹಾಕಿಕೊಳ್ಳಿ.

ಆಟ, ಅಂದರೆ ಮುಂದಿನ ಚಕ್ರ ತಿರುಗದೆ ಸ್ಟೇರಿಂಗ್ ಮಾತ್ರ ಸಡಿಲಾಗಿ ಆಡುವುದು, ಎಷ್ಟಿರಬಹುದು? ಕೇಂದ್ರ ಮೋಟಾರು ವಾಹನ ನಿಯಮ 98ರ ಪ್ರಕಾರ ಸ್ಟೇರಿಂಗ್ ಚಕ್ರದಲ್ಲಿ 30 ಡಿಗ್ರಿ ಮೀರಬಾರದು. 43 ಸೆಂ.ಮೀ. ವ್ಯಾಸದ ಚಕ್ರದ ಅಂಚಿನಲ್ಲಿ ಅಳೆದರೆ ಅದು ಸುಮಾರು 11 ಸೆಂ.ಮೀ. ಲೋಡು ಎಳೆಯುವ ಗಾಡಿಗೆ ಅದರ ಅರ್ಧ ದಾಟಿದರೇ ಕೆಲಸಕ್ಕೆ ಇಳಿಯಬೇಕು ಎಂಬುದು ನಮ್ಮ ಅಭಿಪ್ರಾಯ. ಆಟ ಬಂದ ಕೂಡಲೇ ಬಾಕ್ಸಿನ ಸ್ಕ್ರೂ ಬಿಗಿಯುವುದು ದೊಡ್ಡ ತಪ್ಪು. ಬಾಕ್ಸ್ ಸವೆದಿರುವುದು ನಡುವಿನ ಭಾಗದಲ್ಲಿ, ಅಲ್ಲಿಗೆ ಬಿಗಿ ಮಾಡಿದರೆ ತಿರುವಿನಲ್ಲಿ ಕಚ್ಚುತ್ತದೆ. ಒಬ್ಬರು ಸ್ಟೇರಿಂಗನ್ನು ಆಚೀಚೆ ಅಲ್ಲಾಡಿಸಲಿ, ಇನ್ನೊಬ್ಬರು ಒಂದೊಂದು ಜಾಯಿಂಟಿನ ಮೇಲೂ ಬೆರಳಿಡಲಿ: ಡ್ರಾಪ್ ಆರ್ಮಿನ ಹಲ್ಲು, ಬಾಲ್ ಜಾಯಿಂಟ್, ಕಿಂಗ್‌ಪಿನ್ ಬುಷ್ (ಮುಂದಿನ ಚಕ್ರ ಹೊರಳುವ ಕೀಲಿನದ್ದು), ಚಕ್ರದ ಬೇರಿಂಗ್, ಕೊನೆಗೆ ಆಕ್ಸಲ್ಲಿನ ನಡುವಿನ ಪಿನ್. ಈ ಕೊನೆಯದನ್ನು ಬಹಳ ಜನ ನೋಡುವುದೇ ಇಲ್ಲ. ಅದು ಸವೆದರೆ ಇಡೀ ಆಕ್ಸಲ್ಲೇ ಹಿಂದೆ ಮುಂದೆ ಜರುಗುತ್ತದೆ. ಬಾಲ್ ಜಾಯಿಂಟಿಗೆ, ಡ್ರಾಪ್ ಆರ್ಮಿಗೆ ವೆಲ್ಡಿಂಗ್ ಯಾವತ್ತೂ ಬೇಡ. ಬಿಚ್ಚಿದ ಸ್ಪ್ಲಿಟ್ ಪಿನ್ ಮತ್ತೆ ಹಾಕಬೇಡಿ.

ಪವರ್ ಸ್ಟೇರಿಂಗ್ ಕಿಟ್ ಹಾಕಿಸುವುದಾದರೆ ಹಳೆ ಡ್ರ್ಯಾಗ್ ಲಿಂಕ್ ಉಳಿಸಿಕೊಂಡು ಸಿಲಿಂಡರ್ ಮಾತ್ರ ಸೇರಿಸುವ ಬಗೆ ಮೇಲು. ಲಿಂಕ್ ಪೂರ್ತಿ ತೆಗೆದುಹಾಕುವ ಕಿಟ್ಟಿನಲ್ಲಿ ಹೋಸ್ ಒಡೆದರೆ ಕೈಯಲ್ಲಿ ಏನೂ ಉಳಿಯುವುದಿಲ್ಲ. ಯಾವುದೇ ಕಿಟ್ ಆದರೂ ಸವೆದ ಜಾಯಿಂಟಿನ ಸುದ್ದಿಯನ್ನು ಕೈಗೆ ಮುಟ್ಟಿಸುವುದಿಲ್ಲ, ಆದ್ದರಿಂದ ಜಾಯಿಂಟುಗಳ ಕೆಲಸ ಮೊದಲು ಮುಗಿಯಬೇಕು.

ಟ್ರೇಲರ್ ಕಟ್ಟಿ ರಸ್ತೆಗೆ ಇಳಿಯುವವರಿಗೆ ನಾವು ಬಿ-275ನ್ನು ಹೇಳುತ್ತೇವೆ, ಡಿಸ್ಕು ಬಿಚ್ಚಿ ನೋಡಿದ ಮೇಲೆ ಮಾತ್ರ. ಹೊಲದಲ್ಲೇ ಉಳಿಯುವ, ತಿಂಗಳುಗಟ್ಟಲೆ ನಿಲ್ಲುವ ಗಾಡಿಯಾದರೆ ಮ್ಯಾಸಿ. ಯಾವುದೇ ಆದರೂ ರಸ್ತೆಯಲ್ಲಿ ಎಡ, ಬಲ ಬ್ರೇಕು ಪೆಡಲ್ಲುಗಳನ್ನು ಒಂದಾಗಿಸುವ ಕೊಂಡಿ ಹಾಕಿರಲೇಬೇಕು. ಆ ಕೊಂಡಿಯ ಪಿನ್ ಸವೆದು ಅಲುಗಾಟಕ್ಕೆ ತಾನಾಗಿ ಏಳುತ್ತಿದ್ದರೆ, ಕಡಿಮೆ ಖರ್ಚಿನ ಆ ಪಿನ್ನನ್ನು ಇವತ್ತೇ ಬದಲಿಸಿ.